ಕೆಳದಿಯಲ್ಲಿ ಉಳಿದ ಓಲೆಗರಿ

ಸಾಗರದ ಸಮೀಪದ ಕೆಳದಿಗೆ ಹೋದವರು ಗುಡಿಯ ಚಾವಣಿಯ ಗಂಡಭೇರುಂಡವನ್ನು ಕಣ್ತುಂಬ ನೋಡುತ್ತಾರೆ. ಅದೇ ಊರಿನ ವಸ್ತುಸಂಗ್ರಹಾಲಯವನ್ನೂ ನೋಡಲೇಬೇಕು.

ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಈ ಸಂಗ್ರಹ ಈಗ ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಕನ್ನಡದ ಜೊತೆಗೆ ತಿಗಳಾರಿ ಲಿಪಿಯ ತಾಳೆಗರಿಗಳೂ ಇಲ್ಲಿವೆ. ಕಂಟ ಎಂಬ ಲೋಹದ ಲೇಖನಿಯಿಂದ ಗರಿಯ ಮೇಲೆ ಗೀರಿದ ಅಕ್ಷರ ಹಾಗೇ ನೋಡಿದರೆ ಕಾಣದು. ಮಸಿ ಬಳಿದು ಒರೆಸಿದರೆ ಸಾಲುಸಾಲಾಗಿ ಎದ್ದು ಬರುತ್ತದೆ.

ಈ ಊರಿನ ಅರಸರಾಗಿದ್ದ ಕೆಳದಿ ನಾಯಕರ ಕಥೆ ಮಾತ್ರ ಮೂರು ತಾಲ್ಲೂಕುಗಳದ್ದು. ಸಾಗರದ ಇಕ್ಕೇರಿ, ಹೊಸನಗರದ ಬಿದನೂರು ಅಂದರೆ ಇಂದಿನ ನಗರ, ತೀರ್ಥಹಳ್ಳಿಯ ಕವಲೇದುರ್ಗ ಎಲ್ಲವೂ ಅವರ ನೆಲೆಗಳು. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ಚೆನ್ನಮ್ಮ ಈ ಮನೆತನದ ರಾಣಿ. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು.

ನಿಮ್ಮ ಮನೆಯ ಅಟ್ಟದಲ್ಲೂ ಹಳೆಯ ಕಡತವೋ ಈ ಸಂಗ್ರಹಾಲಯದಲ್ಲಿರುವಂಥ ಓಲೆಯ ಕಟ್ಟೋ ಇದ್ದರೆ ಎಸೆಯಬೇಡಿ, ಮೊದಲು ಬಲ್ಲವರಿಗೆ ತೋರಿಸಿ.