ನೆರೆಯವರ ಮನಸ್ಸಾಕ್ಷಿಯೂ ನಮ್ಮ ಹೊಣೆ

ಕುಶಾಲನಗರದ ಕಾವೇರಿ ಸೇತುವೆಯನ್ನು ದಾಟಿ ಕೆಲವೇ ಮೈಲಿ ಸಾಗಿದರೆ ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಬಳಿಕ, ತಾಯ್ನಾಡನ್ನು ತೊರೆದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರವು ಅಲ್ಲಿ ನೆಲೆ ಕಲ್ಪಿಸಿತು. ಅವರ ವಿಹಾರದ ಬುದ್ಧಮೂರ್ತಿಗಳನ್ನು ತೋರಿಸಲು ನಾವು ಮಕ್ಕಳನ್ನು ಕರೆದೊಯ್ಯುತ್ತೇವೆ. ಆದರೆ ಆ ಜನರಿಗೂ ಕೊಡಗಿನ ಕಥೋಲಿಕರಿಗೂ ಇರುವ ನಂಟನ್ನು ನೆನೆಯುವುದು ಅಪರೂಪ.

ನಮ್ಮ ಹಿರಿಯರೂ ಈ ನಾಡಿಗೆ ಆಶ್ರಯ ಬೇಡಿ ಬಂದವರೇ. 1784ರಲ್ಲಿ ಟಿಪ್ಪು ಸುಲ್ತಾನನು ಬ್ರಿಟಿಷರಿಗೆ ನೆರವಾದರೆಂಬ ಸಂಶಯದಿಂದ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅನೇಕರು ದಾರಿಯಲ್ಲೇ ಮಡಿದರು. ಹಲವರು ಬಲವಂತದ ಮತಾಂತರಕ್ಕೆ ಒಳಗಾದರು. ತಪ್ಪಿಸಿಕೊಂಡು ಬಂದವರಿಗೆ ವಿರಾಜಪೇಟೆಯಲ್ಲಿ ನೆಲೆಯಿತ್ತವನು ಅರಸ ದೊಡ್ಡವೀರರಾಜೇಂದ್ರ. ಪಿರಿಯಾಪಟ್ಟಣದ ಸೆರೆಯಿಂದ ತಾನೇ ಪಾರಾಗಿ ಬಂದಿದ್ದ ಆ ವೀರಶೈವ ಅರಸನಿಗೆ ಸೆರೆಯ ಸಂಕಟ ತಿಳಿದಿತ್ತು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ದೇವಾಲಯ ನೆಲೆಗೊಂಡಿತು.

ಅನ್ಯಮತೀಯರ ವಿಶ್ವಾಸಕ್ಕೆ ರಕ್ಷಣೆ ನೀಡುವುದು ರಾಜಧರ್ಮವೆಂಬ ಮಾತನ್ನು ಇದಕ್ಕೂ ಬಹಳ ಹಿಂದೆ ಇಂಗ್ಲೆಂಡಿನವನೊಬ್ಬನು ಬರೆದಿದ್ದನು. ಆತನೇ ಬ್ಯಾಪ್ಟಿಸ್ಟ್ ಪಂಥದ ಆದ್ಯರಲ್ಲೊಬ್ಬನಾದ ಥಾಮಸ್ ಹೆಲ್ವಿಸ್. ಶಿಶುಗಳಿಗೆ ದೀಕ್ಷಾಸ್ನಾನವನ್ನು ಒಪ್ಪದ ಆ ಪಂಥಕ್ಕೂ ನಮಗೂ ಭೇದವುಂಟು. ವ್ಯಕ್ತಿಯು ತಾನೇ ಅರಿತು ಒಪ್ಪಿದಾಗ ಮಾತ್ರ ಅದು ವಿಶ್ವಾಸವೆಂಬ ಅವರ ನಿಲುವಿನಿಂದಲೇ ಅವರ ವಾದ ಹುಟ್ಟಿತು: ಬಲವಂತದಿಂದ ಹುಟ್ಟಿದ್ದು ವಿಶ್ವಾಸವಾಗದು, ದೇವರ ಮುಂದೆ ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ತಾನೇ ಒಪ್ಪಿಸಬೇಕು, ಆದುದರಿಂದ ಅರಸನಿಗೆ ಆತ್ಮದ ಮೇಲೆ ಅಧಿಕಾರವಿಲ್ಲ.

1612ರ ತನ್ನ ಗ್ರಂಥದಲ್ಲಿ ಹೆಲ್ವಿಸ್ ಇದನ್ನು ದೊರೆ ಒಂದನೇ ಜೇಮ್ಸ್‌ಗೇ ನೇರವಾಗಿ ಹೇಳಿದನು. ಜಗದ್ಗುರುಗಳ ಅಧಿಕಾರವನ್ನು ಅದೇ ಗ್ರಂಥದಲ್ಲಿ ಕಟುವಾಗಿ ಖಂಡಿಸಿದವನೇ ಕಥೋಲಿಕರ, ಯೆಹೂದ್ಯರ, ಮುಸಲ್ಮಾನರ ಸ್ವಾತಂತ್ರ್ಯವನ್ನೂ ಬೇಡಿದನು. 1605ರ ಮದ್ದಿನ ಪುಡಿಯ ಸಂಚಿನ ಬಳಿಕ ಕಥೋಲಿಕನೆಂದರೆ ರಾಜದ್ರೋಹಿಯೆಂದು ಆ ದೇಶ ಶಂಕಿಸುತ್ತಿದ್ದ ಕಾಲವದು. ಹೆಲ್ವಿಸ್‌ನನ್ನು ನ್ಯೂಗೇಟ್ ಸೆರೆಮನೆಗೆ ತಳ್ಳಲಾಯಿತು; 1616ರ ವೇಳೆಗೆ ಆತನು ತೀರಿಕೊಂಡಿದ್ದನು.

ನಮ್ಮ ಧರ್ಮಸಭೆ ಈ ಹಕ್ಕನ್ನು ತನ್ನ ಬೋಧನೆಯಾಗಿ ವಿಧ್ಯುಕ್ತವಾಗಿ ಸಾರಿದ್ದು ಬಹಳ ತಡವಾಗಿ. ಗೋವೆಯಲ್ಲಿ 1560ರಿಂದ ನಡೆದ ಧರ್ಮವಿಚಾರಣೆಯನ್ನು ಚರಿತ್ರೆ ಮರೆತಿಲ್ಲ. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 2308 ಮತಗಳಿಂದ, 70ರ ವಿರೋಧದ ನಡುವೆ, ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಅಂಗೀಕರಿಸಿತು. ಈ ಹಕ್ಕಿನ ಬೇರು ಮಾನವ ಘನತೆಯಲ್ಲಿದೆ, ಆದುದರಿಂದ ಅದು ಎಲ್ಲರಿಗೂ ಸಲ್ಲುತ್ತದೆ ಎಂದು ಮಹಾಸಭೆ ಬೋಧಿಸಿತು.

ನಮ್ಮ ಸಂವಿಧಾನ ಅದಕ್ಕೂ ಮೊದಲೇ, 1950ರಲ್ಲೇ, ಈ ಹಕ್ಕನ್ನು ಖಾತರಿಪಡಿಸಿತ್ತು. ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸಂವಿಧಾನ ಸಭೆಯ ಸದಸ್ಯರಾಗಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಹಾಗೂ ಆರೋಗ್ಯದ ಮಿತಿಯೊಳಗೆ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ನೀಡುವುದು ನಾಗರಿಕರಿಗಷ್ಟೇ ಅಲ್ಲ, ಎಲ್ಲ ವ್ಯಕ್ತಿಗಳಿಗೂ. ಬೈಲಕುಪ್ಪೆಯ ನಿರಾಶ್ರಿತ ಭಿಕ್ಷುವಿಗೂ ಅದು ನಮ್ಮಷ್ಟೇ ಸಮವಾಗಿ ಸಲ್ಲುತ್ತದೆ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದಾಗ ದಾಳಿಕೋರರು ಪಂಥಭೇದ ಎಣಿಸಲಿಲ್ಲ. ಕಥೋಲಿಕ ಭಗಿನಿಯರ ಆರಾಧನಾ ಮಠವೂ ಉಳಿಯಲಿಲ್ಲ. ಅಂಥ ಹೊತ್ತಿನಲ್ಲಿ “ನಾವು ಆ ಪಂಥದವರಲ್ಲ” ಎಂದು ದೂರ ಸರಿಯುವುದು ಸುಲಭ. ತನ್ನ ಪಂಥವನ್ನು ಒಪ್ಪದವರಿಗಾಗಿಯೂ ವಾದಿಸಿದ ಹೆಲ್ವಿಸ್ ಹಾಗೆ ಸರಿಯಲಿಲ್ಲ, ದೊಡ್ಡವೀರರಾಜೇಂದ್ರನೂ ಸರಿಯಲಿಲ್ಲ. ನಮ್ಮೂರಿನಲ್ಲಿ ಪುಟ್ಟ ಪ್ರಾರ್ಥನಾ ಕೂಟವೊಂದರ ಬಾಗಿಲನ್ನು ಯಾರಾದರೂ ಬಲಾತ್ಕಾರದಿಂದ ಮುಚ್ಚಿಸಹೊರಟರೆ, ಮಸೀದಿಗೋ ಮಂದಿರಕ್ಕೋ ಹೋಗುವ ನೆರೆಯವರನ್ನು ಅವರ ಭಕ್ತಿಗಾಗಿ ಹೀಯಾಳಿಸಿದರೆ, ಮೊದಲು ಮಾತನಾಡಬೇಕಾದವರು ಆಶ್ರಯ ಪಡೆದವರ ಸಂತತಿಯಾದ ನಾವೇ.