ಪಾಠದ ಕೋಣೆಯಲ್ಲಿ ಮರೆಯ ಬಂದೂಕು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 2016ರ ಆಗಸ್ಟ್ 1ರಂದು ಒಂದು ಕಾನೂನು ಜಾರಿಗೆ ಬಂದಿತು. ಪರವಾನಗಿ ಪಡೆದವರು ಸರಕಾರಿ ವಿಶ್ವವಿದ್ಯಾಲಯಗಳ ಕಟ್ಟಡಗಳೊಳಗೂ ಕೈಬಂದೂಕನ್ನು ಉಡುಪಿನ ಮರೆಯಲ್ಲೋ ಚೀಲದಲ್ಲೋ ಇಟ್ಟುಕೊಂಡು ಓಡಾಡಬಹುದೆಂಬುದು ಅದರ ಸಾರ. ಇದಕ್ಕೆ ಅಲ್ಲಿ ‘ಕ್ಯಾಂಪಸ್ ಕ್ಯಾರಿ’ ಎಂಬ ಹೆಸರಿದೆ. ದಿನಾಂಕದಲ್ಲೊಂದು ವಿಚಿತ್ರ ಯೋಗಾಯೋಗವಿದೆ. ಸರಿಯಾಗಿ ಐವತ್ತು ವರ್ಷಗಳ ಹಿಂದೆ, 1966ರ ಅದೇ ದಿನ, ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರವನ್ನೇರಿದ ಚಾರ್ಲ್ಸ್ ವಿಟ್ಮನ್ ಎಂಬ ವಿದ್ಯಾರ್ಥಿ ಸುಮಾರು ಒಂದೂವರೆ ಗಂಟೆ ಕಾಲ ಕೆಳಗಿದ್ದವರ ಮೇಲೆ ಗುಂಡು ಹಾರಿಸಿದ್ದ.

ಅಂದು ಊರಿನ ಕೆಲವರು ಮನೆಯಲ್ಲಿದ್ದ ಬೇಟೆಯ ಬಂದೂಕುಗಳನ್ನು ತಂದು ಗೋಪುರದತ್ತ ಮರುಗುಂಡು ಹಾರಿಸಿದರು. ಇಂದಿನ ವಾದದ ಉಭಯ ಪಕ್ಷದವರೂ ಇದನ್ನೇ ಸಾಕ್ಷಿಗೆ ಕರೆಯುವುದುಂಟು. ಆ ಗುಂಡುಗಳಿಗೆ ಅಂಜಿ ಹಂತಕನು ತಲೆಯೆತ್ತಲಾರದೆ ಮಳೆನೀರು ಹೋಗುವ ಕಿಂಡಿಗಳಿಂದ ಗುರಿಯಿಡಬೇಕಾಯಿತು ಎಂದು ಒಬ್ಬರು ಹೇಳಿದರೆ, ಅವನನ್ನು ಕೊಲ್ಲಲು ಮೇಲೇರಿದ ಪೊಲೀಸರು ಅದೇ ನಾಗರಿಕರ ಗುಂಡುಗಳಿಂದಲೂ ತಪ್ಪಿಸಿಕೊಳ್ಳಬೇಕಾಯಿತು ಎಂದು ಇನ್ನೊಬ್ಬರು ತೋರಿಸುತ್ತಾರೆ. ಎರಡೂ ನಿಜ. ಆದರೆ ಅವು ಬಹಿರಂಗವಾಗಿ ಹಿಡಿದ ಉದ್ದನೆಯ ಬಂದೂಕುಗಳಾಗಿದ್ದವು, ಚೀಲದೊಳಗಿನ ಪಿಸ್ತೂಲುಗಳಲ್ಲ ಎಂಬುದನ್ನು ಎರಡೂ ಕಡೆಯವರು ಮರೆಯುತ್ತಾರೆ.

ವಾದಕ್ಕೆ ಕಾವೇರಿದ್ದು 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ಸಂಸ್ಥೆಯಲ್ಲಿ 32 ಜನ ಹತರಾದ ಮೇಲೆ. ಭಾರತದಿಂದ ಹೋಗಿದ್ದ ಪ್ರಾಧ್ಯಾಪಕರೊಬ್ಬರೂ ಮುಂಬಯಿಯ ವಿದ್ಯಾರ್ಥಿನಿಯೊಬ್ಬರೂ ಅವರಲ್ಲಿದ್ದರು. ಆ ವರ್ಷವೇ ಬಂದೂಕಿನ ಹಕ್ಕು ಕೇಳುವ ವಿದ್ಯಾರ್ಥಿ ಸಂಘಟನೆ ಹುಟ್ಟಿತು. ಅವರ ಪ್ರಶ್ನೆ ನೇರವಾದುದು: ‘ಆಯುಧ ನಿಷಿದ್ಧ’ ಎಂಬ ಫಲಕವನ್ನು ಹಂತಕನು ಓದುವನೇ? ಪೇಟೆಯಲ್ಲಿ ಬಂದೂಕು ಧರಿಸಲು ಅರ್ಹನೆಂದು ಸರಕಾರವೇ ಒಪ್ಪಿದ ವ್ಯಕ್ತಿ ಕಾಲೇಜಿನ ಹೆಬ್ಬಾಗಿಲು ದಾಟಿದೊಡನೆ ಅನರ್ಹನಾಗುವುದು ಹೇಗೆ? ರಾತ್ರಿ ಗ್ರಂಥಾಲಯದಿಂದ ಒಬ್ಬಳೇ ಮರಳುವ ವಿದ್ಯಾರ್ಥಿನಿಯನ್ನು ನೆನೆದರೆ ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮಲ್ಲಿ 1959ರ ಆಯುಧ ಕಾಯ್ದೆಯಡಿ ಬಂದೂಕೆಂಬುದು ಸರಕಾರ ಕೊಟ್ಟರೆ ದೊರೆಯುವ ಅನುಮತಿ. ಅಲ್ಲಿ ಅದು 1791ರ ಎರಡನೆಯ ತಿದ್ದುಪಡಿಯಿಂದ ಬಂದ ಹಕ್ಕು. ಈ ಅಂತರವನ್ನು ಮರೆತರೆ ಇಡೀ ಚರ್ಚೆಯೇ ಹುಚ್ಚಾಟವೆಂಬಂತೆ ತೋರುತ್ತದೆ. ಆದರೂ ಅದೇ ತಿದ್ದುಪಡಿಯ ಕರಡು ಬರೆದ ಜೇಮ್ಸ್ ಮ್ಯಾಡಿಸನ್, ಥಾಮಸ್ ಜೆಫರ್ಸನ್‌ರೊಡನೆ ಸದಸ್ಯರಾಗಿದ್ದ ವರ್ಜೀನಿಯಾ ವಿಶ್ವವಿದ್ಯಾಲಯದ ಮಂಡಳಿಯು 1824ರಲ್ಲಿ ವಿದ್ಯಾರ್ಥಿಗಳು ಆಯುಧ ಇಟ್ಟುಕೊಳ್ಳುವುದನ್ನು ನಿಷೇಧಿಸಿತ್ತು.

ವಿರೋಧಿಸಿದವರೆಲ್ಲ ಬಂದೂಕು ಕಂಡರೆ ಬೆದರುವವರಲ್ಲ. ಟೆಕ್ಸಸ್ ವಿಶ್ವವಿದ್ಯಾಲಯ ವ್ಯವಸ್ಥೆಯ ಆಗಿನ ಕುಲಪತಿ ವಿಲಿಯಂ ಮೆಕ್ರೇವನ್ ನೌಕಾದಳದ ಅಡ್ಮಿರಲ್ ಆಗಿದ್ದವರು, ಬಿನ್ ಲಾಡೆನ್ ವಿರುದ್ಧದ ಕಾರ್ಯಾಚರಣೆಯ ಹೊಣೆ ಹೊತ್ತವರು. ಅವರೂ ಈ ಕಾನೂನು ಬೇಡವೆಂದರು. ಒರೆಗಾನ್‌ನ ಅಂಪ್‌ಕ್ವಾ ಕಾಲೇಜಿನಲ್ಲಿ 2015ರಲ್ಲಿ ಹತ್ಯೆಗಳಾದಾಗ ಮಾಜಿ ಸೈನಿಕನಾದ ವಿದ್ಯಾರ್ಥಿಯೊಬ್ಬ ಬಂದೂಕಿನೊಡನೆ ಆವರಣದಲ್ಲೇ ಇದ್ದ. ಪೊಲೀಸರು ತನ್ನನ್ನೇ ಹಂತಕನೆಂದು ಭಾವಿಸಿಯಾರೆಂದು ಆತ ಮುನ್ನುಗ್ಗಲಿಲ್ಲ. ಇದಕ್ಕಿಂತ ಗಂಭೀರವಾದ ಆತಂಕ ಬೇರೆಯಿದೆ. ಆ ದೇಶದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಪರೀಕ್ಷೆ, ಸಾಲ, ಒಂಟಿತನಗಳ ನಡುವಿರುವ ತರುಣನ ಕೈಗೆಟಕುವಲ್ಲಿ ಬಂದೂಕಿದ್ದರೆ ಮನಸ್ಸು ಮರಳಲು ವೇಳೆಯೇ ಉಳಿಯುವುದಿಲ್ಲ.

ಅಧ್ಯಾಪಕರ ಆಕ್ಷೇಪ ಇನ್ನೊಂದು ಬಗೆಯದು. ಆಸ್ಟಿನ್‌ನ ಮೂವರು ಪ್ರಾಧ್ಯಾಪಕಿಯರು 2016ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. ಎದುರಿಗೆ ಕುಳಿತವರಲ್ಲಿ ಯಾರ ಬಳಿ ಬಂದೂಕಿದೆಯೋ ತಿಳಿಯದಾಗ ವಿವಾದಾಸ್ಪದ ವಿಷಯಗಳನ್ನು ಬಿಚ್ಚುಮನಸ್ಸಿನಿಂದ ಚರ್ಚಿಸಲಾಗದು, ಇದು ವಾಕ್‌ಸ್ವಾತಂತ್ರ್ಯಕ್ಕೆ ಬಂದ ಧಕ್ಕೆ ಎಂಬುದು ಅವರ ವಾದ. ಆ ಭಯ ಅವರ ಊಹೆಯಿಂದ ಹುಟ್ಟಿದ್ದು, ಅದರ ಆಧಾರದ ಮೇಲೆ ದಾವೆ ಹೂಡಲು ಬರುವುದಿಲ್ಲವೆಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸಮಂಜಸವಿರಬಹುದು. ಆದರೆ ಕಡಿಮೆ ಅಂಕ ಬಂದ ವಿದ್ಯಾರ್ಥಿಯ ತಪ್ಪನ್ನು ಅವನ ಮುಖಕ್ಕೇ ಹೇಳಬೇಕಾದ ಅಧ್ಯಾಪಕಿ ಅರ್ಧಕ್ಕೇ ನುಂಗಿಕೊಂಡ ಮಾತನ್ನು ಯಾವ ನ್ಯಾಯಾಲಯವೂ ದಾಖಲೆಯಾಗಿ ಕೇಳುವಂತಿಲ್ಲ. ಒಬ್ಬರಿಗೇ ಮೀಸಲಾದ ಕಚೇರಿಯಲ್ಲಿ ಬಂದೂಕು ಬೇಡವೆನ್ನುವ ಅವಕಾಶವನ್ನು ಆಸ್ಟಿನ್‌ನ ನಿಯಮಗಳು ಕೊಟ್ಟವು. ಬಂದವರಿಗೆ ಅದನ್ನು ಬಾಯಿಮಾತಿನಲ್ಲೇ ತಿಳಿಸಬೇಕು. ಪಾಠದ ಕೋಣೆಗೆ ಆ ಅವಕಾಶವಿಲ್ಲ.

ಯೂಟಾ, ಕಾನ್ಸಾಸ್, ಜಾರ್ಜಿಯಾಗಳಲ್ಲೂ ಇಂಥ ಕಾನೂನುಗಳಿವೆ. 2024ರಲ್ಲಿ ವೆಸ್ಟ್ ವರ್ಜೀನಿಯಾ ಸೇರಿಕೊಂಡಿತು. ಟೆಕ್ಸಸ್‌ನಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಿಗೆ ನಿರಾಕರಿಸುವ ಆಯ್ಕೆಯಿತ್ತು, ಬಹುತೇಕ ಎಲ್ಲವೂ ನಿರಾಕರಿಸಿದವು. ಇಲ್ಲಿಂದ ಓದಲು ಹೋಗುವ ಮಕ್ಕಳ ಪಾಲಕರು ತಿಳಿಯಬೇಕಾದ ಸಂಗತಿಯೂ ಒಂದಿದೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಆತ್ಮರಕ್ಷಣೆಯ ಹೆಸರಿನಲ್ಲಿ ಕೊಟ್ಟ ಹಕ್ಕು ಅವರ ಪಾಲಿಗಿಲ್ಲ. ಪಕ್ಕದ ಬೆಂಚಿನವನ ಚೀಲದಲ್ಲಿ ಏನಿದೆಯೆಂದು ತಿಳಿಯುವ ಹಾದಿಯೂ ಇಲ್ಲ.