ಬಯಲಿನಲ್ಲಿ ಕೃಷ್ಣಮೃಗದ ಚಿತ್ರಬೇಟೆ

ಕಲಬುರಗಿಯಿಂದ ಕೆಂಬಾಳೆಯ ಕಮಲಾಪುರದತ್ತ ಹೊರಟ ಪ್ರಯಾಣಿಕನಿಗೆ ಕಾಣುವುದು ತೊಗರಿಯ ಹೊಲ, ಹುಲ್ಲು, ಆಕಾಶ. ಈ ಸೀಮೆಯ ಇಂಥ ತೆರೆದ ಬಯಲೇ ಕೃಷ್ಣಮೃಗದ ಕೋಟೆ. ಅದು ನಂಬಿರುವುದು ತನ್ನ ಕಣ್ಣನ್ನು, ಕಾಲನ್ನು. ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಲ್ಲಿ ಓಡಬಲ್ಲ ಪ್ರಾಣಿಯನ್ನು ಕ್ಯಾಮರಾ ಹಿಡಿದು ಬೆನ್ನಟ್ಟಿದವನಿಗೆ ದೊರೆಯುವುದು ಅದರ ಬಾಲದ ಚಿತ್ರವಷ್ಟೆ!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದರ ಬೇಟೆಯನ್ನು ನಿಷೇಧಿಸಿತು. ಆದರೆ ಹಿಂಡು ಎಳೆಯ ಬೆಳೆಯನ್ನು ಮೇಯ್ದರೆ ನಷ್ಟ ರೈತನದು. ಅವನನ್ನು ಕೇಳಿಯೇ ಹೊಲಕ್ಕೆ ಕಾಲಿಡಬೇಕು. ಹಿಂಡಿನ ಜಾಡು ಬಲ್ಲವನೂ ಅವನೇ.

ನಡೆದು ಬರುವ ಮನುಷ್ಯನಿಗೆ ಅಂಜುವಷ್ಟು ಅದು ನಿಂತ ವಾಹನಕ್ಕೆ ಅಂಜದು. ಆದುದರಿಂದ ಬೆಳಕು ಹರಿಯುವ ಮೊದಲೇ ದಾರಿಯಂಚಿನಲ್ಲಿ ಜೀಪನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಒಳಗೇ ಕುಳಿತಿರುವುದು ಮೇಲು. ತಲೆಯೆತ್ತಿ ದಿಟ್ಟಿಸಿದ ಹೆಣ್ಣು ಮತ್ತೆ ಮೇಯತೊಡಗಿತೆಂದರೆ ಕ್ಯಾಮರಾ ಎತ್ತಬಹುದು. ತಿರುಚುಗೊಂಬಿನ ಗಂಡು ತನ್ನ ಹಿಕ್ಕೆಯ ಗುಡ್ಡೆಗೆ ಮರಳಿ, ಕಣ್ಣ ಬಳಿಯ ಗ್ರಂಥಿಯ ಸ್ರಾವವನ್ನು ಹುಲ್ಲುಕಡ್ಡಿಗೆ ಒರಸಿ ತನ್ನ ಎಲ್ಲೆಯನ್ನು ಸಾರುವ ನೋಟ ಆಗ ದಕ್ಕೀತು.

ಹುಲ್ಲಿನಲ್ಲಿ ಮರಿಯೊಂದು ಅಲುಗದೆ ಮಲಗಿದ್ದರೆ ಮಾತ್ರ ಚಿತ್ರದ ಆಸೆಯನ್ನು ಬಿಟ್ಟು ಹಿಂದೆ ಸರಿಯಬೇಕು. ಅದು ಅನಾಥವಲ್ಲ, ತಾಯಿಯೇ ಅದನ್ನು ಅಲ್ಲಿ ಅಡಗಿಸಿ ದೂರದಲ್ಲಿ ಮೇಯುತ್ತಿರುತ್ತದೆ. ನಾವು ಅಲ್ಲಿ ನಿಂತಿರುವಷ್ಟು ಹೊತ್ತೂ ಅದು ಹಾಲೂಡಲು ಬರಲಾರದು.